ಪಿಶವಿಯಿಂದ ತುರಮುರಿ ತನಕ

ಬೆಳಗಾವಿಯ ಖಡೇಬಜಾರಿನಲ್ಲಿ ಸೀರೆ ಕೊಂಡರೂ, ಹಿಂಡಲಗಾದ ಕಿರಾಣಿ ಅಂಗಡಿಯಲ್ಲಿ ಬೇಳೆ ಕೊಂಡರೂ ಕೈಗೆ ಬರುವುದು ಹೆಚ್ಚುಕಡಿಮೆ ಒಂದೇ ಬಗೆಯ ಚೀಲ. ಮೈತುಂಬ ಸಣ್ಣ ಸಣ್ಣ ತಗ್ಗು, ಮುಟ್ಟಿದರೆ ಬಟ್ಟೆಯ ಹಾಗೆ ಮೆತ್ತಗೆ. ‘ಪ್ಲಾಸ್ಟಿಕ್ ಬಂದ್ ಐತ್ರಿ, ಇದು ಅರಬಿ ಪಿಶವಿ’, ಅಂದರೆ ಬಟ್ಟೆಯ ಚೀಲ, ಅನ್ನುತ್ತಾರೆ ಅಂಗಡಿಯವರು. ಕೊಂಡವರೂ ನಂಬಿ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮನೆಗೆ ಹೋಗುತ್ತಾರೆ.

ಅದರಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಎಳೆ ಎಳೆಯಾಗಿ ಹರಡಿ, ಕಾದ ರೋಲರುಗಳ ನಡುವೆ ಒತ್ತಿ ಅಂಟಿಸಿದ ಹಾಳೆ ಅದು. ಆ ತಗ್ಗುಗಳು ಒತ್ತಿದ ಗುರುತುಗಳು. ಶಹಾಪುರ, ವಡಗಾವಿಯ ನೇಕಾರರು ಮಗ್ಗ ಹಾಕಿದ ಊರಿನಲ್ಲೇ ಇದು ಬಟ್ಟೆ ಅನ್ನಿಸಿಕೊಂಡಿದ್ದು ತಮಾಷೆಯೇ ಸರಿ. ಸಂಶಯವಿದ್ದರೆ ಅಂಚನ್ನು ಹರಿದು ನೋಡಿ. ಬಟ್ಟೆಯಾದರೆ ನೂಲು ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಬಿಚ್ಚಿಕೊಳ್ಳಲು ನೂಲೇ ಇಲ್ಲ. ಕಾನೂನಿಗೆ ಈ ಗೊಂದಲವಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ದಪ್ಪದ ಲೆಕ್ಕ ಹಿಡಿಯದೆ ನಿಷೇಧಿಸಿತು. ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಈ ‘ನಾನ್‌ವೋವನ್’ ಚೀಲವನ್ನು ಹೆಸರಿಟ್ಟೇ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಸೇರಿಸಿ, 2021ರ ಸೆಪ್ಟೆಂಬರ್ 30ರಿಂದ 60 ಜಿಎಸ್‌ಎಂಗಿಂತ (ಚದರ ಮೀಟರಿಗೆ 60 ಗ್ರಾಂ) ತೆಳ್ಳಗಿನದನ್ನು ಬಳಸಬಾರದು ಎಂದಿವೆ.

ಹಾಗಿದ್ದರೆ ಹೊಸ ಹತ್ತಿ ಚೀಲ ಕೊಂಡುಬಿಟ್ಟರೆ ಆಯಿತಲ್ಲ? ಇದು ಓದಿಕೊಂಡವರ ತಪ್ಪು ಕಲ್ಪನೆ. ಹತ್ತಿ ಬೆಳೆಗೆ ನೀರು, ಗೊಬ್ಬರ, ಔಷಧ ಬೇಕು. ನೂಲಿಗೆ, ಬಣ್ಣಕ್ಕೆ ವಿದ್ಯುತ್ತು ಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಗಡಿಯ ಪ್ಲಾಸ್ಟಿಕ್ ಚೀಲದ ಹವಾಮಾನ ಹೊರೆಗೆ ಸಮನಾಗಬೇಕಾದರೆ ಒಂದು ಹತ್ತಿ ಚೀಲವನ್ನು 52 ಸಲವಾದರೂ ಬಳಸಬೇಕು. ಪರಿಸರದ ಮೇಲಿನ ಎಲ್ಲ ಬಗೆಯ ಪರಿಣಾಮ ಹಿಡಿದರೆ ಆ ಸಂಖ್ಯೆ 7,100ಕ್ಕೆ ಏರುತ್ತದೆ. ಆ ಲೆಕ್ಕದಲ್ಲಿ ಬೀದಿಗೆ, ಚರಂಡಿಗೆ ಬಿದ್ದ ಪ್ಲಾಸ್ಟಿಕ್ಕಿನ ಹಾವಳಿ ಸೇರಿಲ್ಲ, ಆದ್ದರಿಂದ ಅದನ್ನು ಪ್ಲಾಸ್ಟಿಕ್ಕಿಗೆ ಕೊಟ್ಟ ಪ್ರಮಾಣಪತ್ರ ಅಂದುಕೊಳ್ಳಬೇಕಿಲ್ಲ. ಆದರೆ ಮದುವೆಯಲ್ಲೊಂದು, ಸಮ್ಮೇಳನದಲ್ಲೊಂದು ಅಂತ ಬಂದು ಕಪಾಟಿನಲ್ಲಿ ಮಡಚಿಕೊಂಡು ಕೂತ ಹತ್ತಿ ಚೀಲಗಳಿಂದ ಪರಿಸರಕ್ಕೆ ಯಾವ ಉಪಕಾರವೂ ಇಲ್ಲ. ಹರಿದ ಲುಂಗಿ, ಹಳೆ ಸೀರೆ ಹೊಲಿಸಿದರೆ ಹೊಸ ಹತ್ತಿಯೇ ಬೇಡ. ನನ್ನನ್ನು ಕೇಳಿದರೆ, ಹದಿನೈದು ವರ್ಷ ಸಂತೆಗೆ ಹೋಗಿಬಂದ ವಾಯರಿನ ಬುಟ್ಟಿ, ಅದು ಪೂರಾ ಪ್ಲಾಸ್ಟಿಕ್ಕೇ ಆಗಿದ್ದರೂ, ನಿನ್ನೆ ಕೊಂಡ ಹತ್ತಿ ಚೀಲಕ್ಕಿಂತ ಮೇಲು.

ಹೆಸರಿನ ಮೋಸ ಚೀಲಕ್ಕೇ ನಿಲ್ಲುವುದಿಲ್ಲ. ಕಾಗದದ್ದು ಎಂದು ನಾವು ತರುವ ಚಹಾ ಕಪ್ಪಿನ ಒಳಮೈಗೆ ಪಾಲಿಥಿಲೀನ್ ಲೇಪನವಿರುತ್ತದೆ. ಇಲ್ಲದಿದ್ದರೆ ಚಹಾ ಸೋರುತ್ತಿತ್ತು. ಊಟದ ಬೆಳ್ಳಿ ಬಣ್ಣದ ‘ಪೇಪರ್’ ತಟ್ಟೆಯ ಹೊಳಪೂ ಪ್ಲಾಸ್ಟಿಕ್ ಪದರದ್ದೇ. ಮುತ್ತುಗದ ಪತ್ರಾವಳಿಯ ಜಾಗಕ್ಕೆ ಇವು ಬಂದಿವೆ.

ಇನ್ನು ಹೆಚ್ಚು ಹಾನಿ ಮಾಡುವ ನಂಬಿಕೆಗೆ ಬರೋಣ.

‘ಹಸಿ ಕಸ ಅಂದ್ರ ಕೊಳತ ಮಣ್ಣ ಆಗ್ತೈತಿ, ಅದರದೇನ ಚಿಂತಿ?’

ಮನೆಯ ಹಿತ್ತಲಿನ ತಿಪ್ಪೆಯಲ್ಲಿ ಈ ಮಾತು ನಿಜ. ತುರಮುರಿಯಲ್ಲಿ ನಿಜವಲ್ಲ. ಬೆಳಗಾವಿ ಮಹಾನಗರದ ಕಸದ ಗಾಡಿಗಳು ಹಿಂಡಲಗಾ ದಾಟಿ ವೆಂಗುರ್ಲಾ ರಸ್ತೆ ಹಿಡಿದು ಅಲ್ಲಿಗೇ ಹೋಗುವುದು. ಅನ್ನ, ಕೊಳೆತ ಟೊಮೆಟೊ, ಡಯಪರು, ಚಿಪ್ಸ್ ಪೊಟ್ಟಣ ಎಲ್ಲ ಒಂದೇ ಚೀಲದಲ್ಲಿ ಗಂಟು ಬಿದ್ದು ರಾಶಿಯ ಅಡಿಗೆ ಸೇರಿದರೆ ಅಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದು ಗೊಬ್ಬರವಾಗುವುದಿಲ್ಲ, ಮೀಥೇನ್ ಬಿಡುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಈ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿರುಸು. ರಾಶಿಗೆ ಬೆಂಕಿ ಬಿದ್ದರೆ ಬೇಗ ಆರದೆ ಇರುವುದಕ್ಕೂ ಇದೇ ಕಾರಣ. ಮೇಲೆ ನಮ್ಮ ಕಡೆಯ ಜೂನ್-ಸೆಪ್ಟೆಂಬರಿನ ಮಳೆ! ಸಹ್ಯಾದ್ರಿಯ ಮಗ್ಗುಲಿನ ಈ ಮಳೆ ರಾಶಿಯೊಳಗೆ ಇಳಿದು ಕಪ್ಪು ರಸವಾಗಿ ಹೊರಬರುತ್ತದೆ. ಅದನ್ನು ಹಿಡಿದು ಶುದ್ಧಿ ಮಾಡದಿದ್ದರೆ ಸುತ್ತಲ ಹೊಲ, ಬಾವಿಗೆ ಹೋಗುತ್ತದೆ.

ಆದ್ದರಿಂದ ಸಂತೆಯಲ್ಲಿ ಪಿಶವಿ ಯಾವುದು ಎನ್ನುವುದಕ್ಕಿಂತ ಪಿಶವಿಯೊಳಗೆ ಎಷ್ಟು ತುಂಬಿದಿರಿ ಎನ್ನುವುದು ದೊಡ್ಡ ಪ್ರಶ್ನೆ. ಗೋವಾಕ್ಕೆ ತರಕಾರಿ ಕಳಿಸುವ ಜಿಲ್ಲೆ ನಮ್ಮದು. ಸೊಪ್ಪು ಅಗ್ಗವಾದಾಗ ಕೊತ್ತಂಬರಿ ಎರಡು ಸಿವುಡು ಹೆಚ್ಚಿಗೆ ಬರುತ್ತದೆ, ನಾಲ್ಕನೇ ದಿನ ಫ್ರಿಜ್ಜಿನ ತಳದಲ್ಲಿ ಲೋಳೆಯಾಗಿ ಸಿಗುತ್ತದೆ. ಆಹಾರ ಹಾಳು ಮಾಡುವುದು ಹೋಟೆಲು, ಮದುವೆ ಮಂಟಪದವರು, ಮನೆಯವರಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಬೇರೆಯೇ ಹೇಳುತ್ತದೆ. 2022ರಲ್ಲಿ ಜಗತ್ತಿನಲ್ಲಿ ಪೋಲಾದ 105 ಕೋಟಿ ಟನ್ ಆಹಾರದಲ್ಲಿ ಶೇ. 60 ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಅಂದಾಜು 55 ಕಿಲೊ. ಐದು ಜನರ ಮನೆಗೆ ಲೆಕ್ಕ ಹಾಕಿದರೆ 25 ಕಿಲೊದ ಅಕ್ಕಿ ಚೀಲ ಹನ್ನೊಂದು ಆಗುತ್ತದೆ.

‘ದೊಡ್ಡ ಪಾಕೀಟು ತಂದರೆ ಕಸ ಕಡಿಮೆ’ ಎಂಬುದೂ ಅರ್ಧ ನಿಜವೇ. ಅಕ್ಕಿ, ತೊಗರಿಬೇಳೆ, ಸಾಬೂನಿಗೆ ಸರಿ. ಮಳೆಗಾಲದಲ್ಲಿ ಹುಳ ಹಿಡಿಯುವ ರವೆಗೆ, ಘಮ ಕಳೆದುಕೊಳ್ಳುವ ಮಸಾಲೆಗೆ, ‘ಒಂದು ಕೊಂಡರೆ ಒಂದು ಉಚಿತ’ ಬಿಸ್ಕೀಟಿಗೆ ಸರಿಯಲ್ಲ. ಇಲ್ಲೇ ತಾರೀಖಿನ ಭಯವೂ ಸೇರುತ್ತದೆ. ಪೊಟ್ಟಣದ ಮೇಲಿನ ‘ಬೆಸ್ಟ್ ಬಿಫೋರ್’ ರುಚಿ, ಗುಣಮಟ್ಟದ ಅವಧಿ. ಅದು ದಾಟಿದರೂ ಪದಾರ್ಥ ತಿನ್ನಲು ಯೋಗ್ಯವಿರಬಹುದು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಾಟಿದ್ದನ್ನು ಮಾತ್ರ ತಿನ್ನಬಾರದು. ಎರಡನ್ನೂ ಒಂದೇ ಎಂದು ತಿಳಿದು ಚಲೋ ಇದ್ದ ರವೆಯನ್ನು ಚೆಲ್ಲುವವರಿದ್ದಾರೆ.

ಈಗ ಖಾನಾಪುರದ ಮಣ್ಣಿನ ಮಾತು. ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಊರು ಅದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಮಣ್ಣಿನ ಕಪ್ಪು ಒಡೆದರೆ ಮತ್ತೆ ಮಣ್ಣಾಗುತ್ತದೆ, ಆದ್ದರಿಂದ ಕುಡಿದು ಎಸೆಯಬಹುದು ಅನ್ನುತ್ತಾರೆ. ಆಗುವುದಿಲ್ಲ. ಆವಿಗೆಯಲ್ಲಿ ಸುಟ್ಟಾಗ ಜೇಡಿಮಣ್ಣಿನ ಕಣಗಳಲ್ಲಿ ಸೇರಿಕೊಂಡಿದ್ದ ನೀರು ಹೊರಟುಹೋಗಿ ಅದರ ರಚನೆಯೇ ಬದಲಾಗುತ್ತದೆ. ಮತ್ತೆ ನೀರಲ್ಲಿ ನೆನೆಸಿದರೆ ಹದಕ್ಕೆ ಬಾರದು. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ಅಗೆದು ನೋಡಿದಾಗ ಶಾತವಾಹನರ ಕಾಲದ ಪಟ್ಟಣ ಸಿಕ್ಕಿತು, ಅದರೊಂದಿಗೆ ಆ ಜನ ಒಡೆದು ಬಿಸುಟ ಗಡಿಗೆಗಳ ಚೂರುಗಳೂ. ಸುಮಾರು ಎರಡು ಸಾವಿರ ವರ್ಷವಾದರೂ ಅವು ಮಣ್ಣಾಗಿಲ್ಲ! ಗಡಿಗೆ ಒಳ್ಳೆಯದು, ವಿಷ ಬಿಡುವುದಿಲ್ಲ, ವರ್ಷಗಟ್ಟಲೆ ನೀರು ತಂಪಾಗಿಡುತ್ತದೆ. ಸೌದೆ ಸುಟ್ಟು ಬೇಯಿಸಿದ ಕಪ್ಪನ್ನು ಐದು ನಿಮಿಷದ ಚಹಾಕ್ಕೆ ಬಳಸಿ ಎಸೆಯುವುದು ಬೇರೆ ವಿಷಯ. ಅದೇ ಕಪ್ಪನ್ನು ತೊಳೆದು ಇಟ್ಟುಕೊಂಡರೆ ಕುಂಬಾರರ ದುಡಿಮೆಗೂ ಬೆಲೆ.

ಕೊನೆಯದಾಗಿ, ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನವಿದ್ದರೆ ಅದು ಮರುಬಳಕೆಯಾಗುತ್ತದೆ ಎಂಬ ನಂಬಿಕೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರೇ ತಂದ ಗುರುತು ಅದು. ಒಳಗಿರುವ 1ರಿಂದ 7ರ ಅಂಕಿ ಪ್ಲಾಸ್ಟಿಕ್ ಯಾವ ಜಾತಿಯದು ಎಂದಷ್ಟೇ ಹೇಳುತ್ತದೆ. ಮರುಬಳಕೆ ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ನಿಮ್ಮ ಓಣಿಗೆ ಬರುವ ಭಂಗಾರದವನು, ಅಂದರೆ ಗುಜರಿಯವನು. ರದ್ದಿ, ರಟ್ಟಿನ ಡಬ್ಬಿ, ನೀರಿನ ಬಾಟಲಿ, ಶಾಂಪೂ ಡಬ್ಬಿ ಅವನು ಒಯ್ಯುತ್ತಾನೆ. ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪಾಕೀಟು, ಒಂದು ರೂಪಾಯಿ ಶಾಂಪೂ ಸ್ಯಾಶೆ ಮುಟ್ಟುವುದೂ ಇಲ್ಲ, ಏಕೆಂದರೆ ಅಂಟಿಕೊಂಡ ಪದರಗಳನ್ನು ಬೇರ್ಪಡಿಸುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಅವನ್ನು ಬಚ್ಚಲ ಒಲೆಗೆ ಹಾಕಿ ಮುಗಿಸುವುದೂ ಪರಿಹಾರವಲ್ಲ. ಹೊಗೆ ಮೊದಲು ಮನೆಯವರ ಎದೆಗೇ ಹೋಗುತ್ತದೆ.

ಹಾಲಿನ ಪಾಕೀಟು ಒಂದೇ ಜಾತಿಯ ಪ್ಲಾಸ್ಟಿಕ್ಕು, ತೊಳೆದು ಒಣಗಿಸಿದರೆ ಭಂಗಾರಕ್ಕೆ ಹೋಗುತ್ತದೆ. ಆದರೆ ಮೂಲೆಯನ್ನು ಪೂರಾ ಕತ್ತರಿಸಿದರೆ ಆ ಚೂರು ಎತ್ತಿಕೊಳ್ಳಲಾಗದಷ್ಟು ಸಣ್ಣದಾಗಿ ಚರಂಡಿಗೆ ಸೇರುತ್ತದೆ. ಅರ್ಧ ಕತ್ತರಿಸಿ, ಚೂರು ಪಾಕೀಟಿಗೇ ಅಂಟಿಕೊಂಡಿರಲಿ. ಹಾಲು ಅಷ್ಟರಲ್ಲೇ ಸಲೀಸಾಗಿ ಬರುತ್ತದೆ.