ಪ್ಲಗಿನ್ ರಚನೆಯಲ್ಲಿ ಹೆಸರಿನ ಪ್ರಶ್ನೆ

ಕಂಪ್ಯೂಟರಿನ ವಿಚಾರವನ್ನು ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಬರೆಯಹೊರಟುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ನಾನಿಲ್ಲಿ ಹೇಳಬಯಸಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಹೆಸರಿನ ಮಾತು. ಹೆಸರಿನ ಮಾತೆಂದ ಮೇಲೆ ಭಾಷೆಯನ್ನು ಓದುವವರಿಗೂ ಅದರಲ್ಲಿ ಪಾಲುಂಟು.

2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಅಸಂಖ್ಯ ವೆಬ್‌ಸೈಟುಗಳು ನಡೆಯುತ್ತಿವೆ. ಅದು ಪಿ.ಎಚ್.ಪಿ. ಎಂಬ ಕಂಪ್ಯೂಟರ್ ಭಾಷೆಯಲ್ಲಿ ರಚಿತವಾದುದು. ಮೂಲವನ್ನು ಮುಟ್ಟದೆ ಅದಕ್ಕೆ ಹೊಸ ಶಕ್ತಿಯನ್ನು ಕೂಡಿಸುವ ಭಾಗಗಳಿಗೆ ಪ್ಲಗಿನ್ ಎಂದು ಹೆಸರು. ಒಂದು ಅಂಗಡಿಯ ಸೈಟಿನಲ್ಲಿ ಹತ್ತು ಪ್ಲಗಿನ್‌ಗಳಿರಬಹುದು. ಅವುಗಳನ್ನು ಬರೆದವರು ಒಬ್ಬರನ್ನೊಬ್ಬರು ಕಂಡವರಲ್ಲ; ಆದರೂ ಅವರೆಲ್ಲರ ಬರಹ ಒಂದೇ ಸೂರಿನಡಿ ಬಾಳಬೇಕು. ಇಬ್ಬರು ತಮ್ಮ ತಮ್ಮ ಕ್ಲಾಸಿಗೆ ‘ಸೆಟ್ಟಿಂಗ್ಸ್’ ಎಂದೇ ಹೆಸರಿಟ್ಟರೆ ಗತಿಯೇನು? ಒಂದೇ ಹೆಸರಿನ ಎರಡು ಕ್ಲಾಸುಗಳನ್ನು ಪಿ.ಎಚ್.ಪಿ. ಒಪ್ಪದು. ಎರಡನೆಯದನ್ನು ಕಂಡೊಡನೆ ದೋಷವೆಂದು ಸಾರಿ ಕೆಲಸವನ್ನೇ ನಿಲ್ಲಿಸುತ್ತದೆ. ಬೇರೆಬೇರೆಯಾಗಿ ನೋಡಿದರೆ ಇಬ್ಬರ ಬರಹವೂ ಸರಿಯೇ. ಶಿಕ್ಷೆ ಮಾತ್ರ ಏನೂ ಅರಿಯದ ಅಂಗಡಿಯವನಿಗೆ. ಗಿರಾಕಿ ಬಂದಾಗ ಪುಟ ತೆರೆಯುವುದಿಲ್ಲ.

ಇಂಥ ತೊಡಕು ನಮಗೆ ಹೊಸದಲ್ಲ. ಹಾಜರಿ ಪುಸ್ತಕದಲ್ಲಿ ಮೂವರು ಮಂಜುನಾಥರಿದ್ದರೆ ಅಧ್ಯಾಪಕರು ಇನಿಷಿಯಲ್ ಸೇರಿಸಿ ಕೂಗುತ್ತಾರೆ. ಪ್ಲಗಿನ್ ಬರೆಯುವವರೂ ಬಹುಕಾಲ ಇದನ್ನೇ ಮಾಡಿದರು. ಪ್ರತಿಯೊಂದು ಹೆಸರಿನ ಮುಂದೂ ಎರಡು ಮೂರು ಅಕ್ಷರಗಳ ಗುರುತನ್ನು ಅಂಟಿಸಿದರು. ಆದರೆ ಇನಿಷಿಯಲ್ಲೂ ಒಂದೇ ಆಗಬಹುದಷ್ಟೆ! ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಊರು, ತಂದೆ, ತಾನು ಎಂಬ ಕ್ರಮದಲ್ಲಿ ಪೂರ್ಣವಾಗಿ ಹೇಳಿದಾಗ ಸಂದೇಹಕ್ಕೆ ಎಡೆಯಿರದು. 2009ರಲ್ಲಿ ಪಿ.ಎಚ್.ಪಿ. 5.3ರೊಡನೆ ಬಂದ ನೇಮ್‌ಸ್ಪೇಸ್ ಇದೇ ಕ್ರಮದ್ದು. ಕಡತದ ಮೊದಲಲ್ಲಿ ‘ನೇಮ್‌ಸ್ಪೇಸ್ ಮಲೆನಾಡು\ಅಂಗಡಿ’ ಎಂದು ಬರೆದರೆ ಅದರೊಳಗಿನ ಕ್ಲಾಸಿನ ಪೂರ್ಣನಾಮ ‘ಮಲೆನಾಡು\ಅಂಗಡಿ\ಸೆಟ್ಟಿಂಗ್ಸ್’ ಎಂದಾಗುತ್ತದೆ. ಇನ್ನೊಂದು ಕಡತದಲ್ಲಿ ‘ಯೂಸ್’ ಎಂಬ ಸಾಲಿನಿಂದ ಪೂರ್ಣನಾಮವನ್ನು ಒಮ್ಮೆ ಹೇಳಿದರೆ ಮುಂದೆ ಚಿಕ್ಕ ಹೆಸರೇ ಸಾಕು. ಆದರೆ 2019ರವರೆಗೆ ವರ್ಡ್‌ಪ್ರೆಸ್ ಪಿ.ಎಚ್.ಪಿ. 5.2ರ ಮೇಲೂ ನಡೆಯುವಂತಿತ್ತು. ಆದುದರಿಂದ ಹಳೆಯ ಸರ್ವರುಗಳವರನ್ನು ಕೈಬಿಡಲೊಲ್ಲದವರು ಬಹುದಿನ ಈ ಸೌಕರ್ಯದಿಂದ ದೂರವೇ ಉಳಿಯಬೇಕಾಯಿತು.

ಪೂರ್ಣನಾಮದಿಂದ ಇನ್ನೊಂದು ಲಾಭವೂ ಉಂಟು. ಪ್ಲಗಿನ್ ಬೆಳೆದಂತೆ ಕಡತಗಳು ಹತ್ತಾರಾಗುತ್ತವೆ. ಒಂದೊಂದನ್ನೂ ‘ರಿಕ್ವೈರ್’ ಎಂದು ಬರೆದು ಕರೆತರುವುದು ಬೇಸರದ ಕೆಲಸ. ಒಂದು ಬಿಟ್ಟುಹೋದರೆ ಕೆಲಸ ಕೆಟ್ಟಿತು. ಎಲ್ಲವನ್ನೂ ತಂದರೆ ಬೇಡದ ಹೊರೆ. ಆಟೋಲೋಡ್ ಈ ಕಷ್ಟವನ್ನು ನಿವಾರಿಸುತ್ತದೆ. ‘ಎಸ್‌ಪಿಎಲ್ ಆಟೋಲೋಡ್ ರಿಜಿಸ್ಟರ್’ ಎಂಬ ಫಂಕ್ಷನ್ನಿನ ಮೂಲಕ ನಾವು ಹುಡುಕುವ ವಿಧಾನವೊಂದನ್ನು ಮೊದಲೇ ಒಪ್ಪಿಸಿರುತ್ತೇವೆ. ತಾನರಿಯದ ಕ್ಲಾಸು ಎದುರಾದಾಗ ಪಿ.ಎಚ್.ಪಿ. ಅದರ ಪೂರ್ಣನಾಮವನ್ನು ಈ ವಿಧಾನದ ಮುಂದಿಡುತ್ತದೆ. ಹೆಸರಿನ ಮೊದಲ ಭಾಗ ನಮ್ಮ ಮನೆತನದ್ದಲ್ಲವಾದರೆ ವಿಧಾನವು ಸುಮ್ಮನಾಗಿ ಇತರರಿಗೆ ಎಡೆಗೊಡಬೇಕು. ನಮ್ಮದೇ ಆದರೆ ಉಳಿದ ಭಾಗಗಳನ್ನು ಫೋಲ್ಡರುಗಳೆಂದೆಣಿಸಿ ಕಡತವನ್ನು ತರಬೇಕು. ಹೀಗೆ ಹೆಸರೇ ವಿಳಾಸವಾಗುತ್ತದೆ. 2013ರಲ್ಲಿ ಅಂಗೀಕೃತವಾದ ಪಿ.ಎಸ್.ಆರ್.-4 ಎಂಬ ನಿಯಮಾವಳಿ ಹೇಳುವುದೂ ಇದನ್ನೇ. ಕಂಪೋಸರ್ ಎಂಬ ಸಾಧನವು ಇಂಥ ವಿಧಾನವನ್ನು ತಾನೇ ಬರೆದುಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ, ಇಂಗ್ಲಿಷಿನಲ್ಲುಂಟು. ಮನೆಯ ವಿಂಡೋಸ್ ಕಂಪ್ಯೂಟರು ಕಡತದ ಹೆಸರಿನಲ್ಲಿ ಸಾಮಾನ್ಯವಾಗಿ ಈ ಭೇದವನ್ನು ಎಣಿಸುವುದಿಲ್ಲ. ಸೈಟುಗಳು ನೆಲೆಸುವ ಲಿನಕ್ಸ್ ಸರ್ವರು ಎಣಿಸುತ್ತದೆ. ಆದುದರಿಂದ ಒಂದಕ್ಷರ ಹೆಚ್ಚುಕಡಿಮೆಯಾದರೂ ಮನೆಯಲ್ಲಿ ನಡೆದ ಪ್ಲಗಿನ್ ಸರ್ವರಿನಲ್ಲಿ ‘ಕ್ಲಾಸು ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ.

ನೇಮ್‌ಸ್ಪೇಸ್ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಡೇಟಾಬೇಸಿನಲ್ಲಿಡುವ ಆಯ್ಕೆಗಳ ಹೆಸರುಗಳಿಗೆ ಅದರ ರಕ್ಷಣೆಯಿಲ್ಲ. ಅಲ್ಲಿ ಇನಿಷಿಯಲ್ ಈಗಲೂ ಬೇಕು. ಎರಡು ಪ್ಲಗಿನ್‌ಗಳು ಒಂದೇ ಲೈಬ್ರರಿಯ ಬೇರೆಬೇರೆ ಆವೃತ್ತಿಗಳನ್ನು ಹೊತ್ತು ತಂದರೆ ಪೂರ್ಣನಾಮವೂ ಒಂದೇ ಆಗುವುದರಿಂದ ಮೊದಲು ಬಂದುದೇ ಉಳಿಯುತ್ತದೆ. ಆಗ ಆ ಲೈಬ್ರರಿಗೂ ನಮ್ಮ ಮನೆತನದ ಹೆಸರನ್ನು ಸೇರಿಸಬೇಕು, ಪಿ.ಎಚ್.ಪಿ. ಸ್ಕೋಪರ್ ಎಂಬ ಸಾಧನವಿರುವುದು ಇದಕ್ಕಾಗಿಯೇ.

ಪದವಿಯ ಜೊತೆಗೆ ವೆಬ್‌ಸೈಟ್ ಕೆಲಸದಿಂದ ನಾಲ್ಕು ಕಾಸು ಸಂಪಾದಿಸಬಯಸುವ ಮಿತ್ರರು ನಮ್ಮಲ್ಲಿದ್ದಾರೆ. ಇದು ಬರಿಯ ತಾಂತ್ರಿಕ ಶಿಸ್ತಲ್ಲ, ನೆರೆಹೊರೆಯ ಧರ್ಮವೆಂಬುದನ್ನು ಅವರು ಮನಗಾಣಬೇಕೆಂದು ನನ್ನ ಬಿನ್ನಹ. ಪಕ್ಕದ ಪ್ಲಗಿನ್ನನ್ನು ಬರೆದವನನ್ನು ನಾವೆಂದೂ ನೋಡಲಾರೆವು. ಆದರೂ ಅವನ ಬರಹಕ್ಕೆ ನಮ್ಮಿಂದ ಅಡ್ಡಿಯಾಗದಂತೆ, ಇಬ್ಬರನ್ನೂ ನಂಬಿದ ಅಂಗಡಿಯವನ ಬಾಗಿಲು ಮುಚ್ಚದಂತೆ ಬರೆಯುವುದು ನಮ್ಮ ಕೈಯಲ್ಲಿದೆ.