ಪೆಕಾನ್ ತೋಟಗಳ ವಸಂತಕಾಲದ ನಿರ್ವಹಣೆ: ಆಮದುದಾರರು ಅರಿಯಬೇಕಾದ ಅಂಶಗಳು

2023ರ ಕೇಂದ್ರ ಮುಂಗಡಪತ್ರದಲ್ಲಿ ಪೆಕಾನ್ ಮೇಲಿನ ಮೂಲ ಆಮದು ಸುಂಕವನ್ನು ಶೇ. 100ರಿಂದ ಶೇ. 30ಕ್ಕೆ ಇಳಿಸಲಾಯಿತು. ಇದರಿಂದ ಅಮೆರಿಕದ ಈ ಬೀಜ ನಮ್ಮ ಒಣಹಣ್ಣಿನ ವ್ಯಾಪಾರಿಗಳಿಗೂ ಬೇಕರಿ, ಮಿಠಾಯಿ ತಯಾರಕರಿಗೂ ಕೈಗೆಟುಕುವ ಸರಕಾಯಿತು. ಕೊಯ್ಲು ಆರಂಭವಾಗುವುದು ಅಕ್ಟೋಬರ್‌ನಲ್ಲಿ. ಆದರೆ ಇಳುವರಿಯ ಸೂಚನೆ ಏಪ್ರಿಲ್-ಮೇ ತಿಂಗಳುಗಳಲ್ಲೇ ದೊರೆಯುತ್ತದೆ.

ಪೆಕಾನ್ ಮರವು ಒಂದು ವರ್ಷ ಹೇರಳವಾಗಿ ಫಲ ನೀಡಿದರೆ ಮರುವರ್ಷ ಕಡಿಮೆ ನೀಡುತ್ತದೆ. ಭಾರೀ ಫಸಲಿನಿಂದ ಮರದ ಆಹಾರ ಸಂಗ್ರಹ ಕುಗ್ಗಿ, ಮುಂದಿನ ವಸಂತದಲ್ಲಿ ಹೆಣ್ಣು ಹೂಗಳ ಸಂಖ್ಯೆ ಇಳಿಯುವುದೇ ಇದಕ್ಕೆ ಕಾರಣ. ಪರಾಗಸ್ಪರ್ಶ ಗಾಳಿಯಿಂದ ನಡೆಯುತ್ತದೆ. ಒಂದೇ ಮರದ ಗಂಡು, ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಸಮಯಕ್ಕೆ ಪಕ್ವವಾಗುವುದರಿಂದ ಬೆಳೆಗಾರರು ಹೊಂದಾಣಿಕೆಯ ತಳಿಗಳನ್ನು ಜೊತೆಯಾಗಿ ಬೆಳೆಸುತ್ತಾರೆ.

ವಸಂತದ ಕೆಲಸಗಳು ಪ್ರದೇಶಕ್ಕೆ ತಕ್ಕಂತೆ ಭಿನ್ನವಾಗಿವೆ:

1. ಜಾರ್ಜಿಯಾ: ಇಲ್ಲಿನ ತೇವಭರಿತ ಹವೆಯಲ್ಲಿ 'ಸ್ಕ್ಯಾಬ್' ಎಂಬ ಶಿಲೀಂಧ್ರ ರೋಗ ಪ್ರಮುಖ ಶತ್ರು. ಚಿಗುರು ಮೂಡಿದ ನಂತರ ಶಿಲೀಂಧ್ರನಾಶಕದ ಸಿಂಪಡಣೆ ಆರಂಭಿಸಿ ಬೇಸಿಗೆಯುದ್ದಕ್ಕೂ ಪುನರಾವರ್ತಿಸಬೇಕು. ಮಳೆ ಹೆಚ್ಚಾದಷ್ಟೂ ವೆಚ್ಚ ಏರುತ್ತದೆ. 'ಡಿಸೈರಬಲ್' ತಳಿ ಈ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ.

2. ನ್ಯೂ ಮೆಕ್ಸಿಕೋ: ಒಣಹವೆಯಿಂದಾಗಿ ಸ್ಕ್ಯಾಬ್ ಬಾಧೆ ಇಲ್ಲವೆನ್ನಬಹುದು. ಆದರೆ ಕ್ಷಾರಯುಕ್ತ ಮಣ್ಣಿನಲ್ಲಿ ಸತು ಬೇರುಗಳಿಗೆ ದೊರೆಯುವುದಿಲ್ಲ. ಆದ್ದರಿಂದ ಎಳೆಯ ಎಲೆಗಳ ಮೇಲೆ ಸತುವಿನ ದ್ರಾವಣವನ್ನು ಹಲವು ಬಾರಿ ಸಿಂಪಡಿಸಲಾಗುತ್ತದೆ.

3. ಟೆಕ್ಸಾಸ್: 'ನಟ್ ಕೇಸ್‌ಬೇರರ್' ಪತಂಗ ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ, ಒಂದು ಹುಳು ಇಡೀ ಗೊಂಚಲನ್ನು ಹಾಳುಮಾಡಬಲ್ಲದು. ಲಿಂಗಾಕರ್ಷಕ ಬಲೆಗಳಿಂದ ಪತಂಗದ ಆಗಮನವನ್ನು ಅರಿತು, ಹುಳು ಕಾಯಿಯೊಳಗೆ ಸೇರುವ ಮುನ್ನವೇ ಔಷಧಿ ಹೊಡೆಯಬೇಕು.

ವಸಂತವು ಕಾಯಿಗಳ ಸಂಖ್ಯೆಯನ್ನು ಬಹುಮಟ್ಟಿಗೆ ನಿರ್ಧರಿಸಿದರೂ ತಿರುಳು ತುಂಬುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಆಗ ನೀರಿನ ಕೊರತೆಯಾದರೆ ತಿರುಳು ಜೊಳ್ಳಾಗುತ್ತದೆ. ಕೊಯ್ಲಿನ ಹೊಸ್ತಿಲಲ್ಲಿಯೂ ಅಪಾಯ ತಪ್ಪಿದ್ದಲ್ಲ. 2018ರ ಅಕ್ಟೋಬರ್‌ನಲ್ಲಿ 'ಮೈಕೆಲ್' ಚಂಡಮಾರುತ ಜಾರ್ಜಿಯಾದಲ್ಲಿ ಫಸಲಿನೊಡನೆ ಮರಗಳನ್ನೂ ಉರುಳಿಸಿತು. ಹೊಸದಾಗಿ ನೆಟ್ಟ ಮರ ಲಾಭದಾಯಕ ಇಳುವರಿಗೆ ಬರಲು ಹಲವು ವರ್ಷಗಳೇ ಬೇಕು.

ಆದ್ದರಿಂದ ಮುಂಗಡ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಸರಬರಾಜುದಾರರಿಂದ ಮೂರು ಮಾಹಿತಿಗಳನ್ನು ಪಡೆಯುವುದು ಒಳಿತು: ಕಳೆದ ವರ್ಷದ ಫಸಲು ಭಾರಿಯಾಗಿತ್ತೇ? ಸರಕು ಯಾವ ಪ್ರದೇಶದ್ದು, ಯಾವ ತಳಿಯದು? ವಸಂತದಲ್ಲಿ ಮಳೆ ಹಾಗೂ ಕಾಯಿಕಟ್ಟುವಿಕೆ ಹೇಗಿತ್ತು? ಹಿಂದಿನ ವರ್ಷದ ದರವನ್ನೇ ನಂಬಿ ಬೇಡಿಕೆ ಸಲ್ಲಿಸಿದ ಸಣ್ಣ ತಯಾರಕನಿಗೆ ಫಸಲು ಕುಸಿದ ವರ್ಷದಲ್ಲಿ ಲಾಭವೇ ಕರಗಿಹೋಗಬಹುದು. ಬೇಡಿಕೆಯನ್ನು ಒಂದೇ ಪ್ರದೇಶಕ್ಕೆ ಸೀಮಿತಗೊಳಿಸದೆ ಹಂಚಿಕೊಳ್ಳುವುದು ಹಾಗೂ ಜಾರಿಯಲ್ಲಿರುವ ಸುಂಕದ ದರವನ್ನು ಖಚಿತಪಡಿಸಿಕೊಳ್ಳುವುದು ಕ್ಷೇಮಕರ.