ಹಂದಿಯ ಕೆಮ್ಮು

ನಗರವಾಸಿಗಳ ಮುಂದೆ ಹಂದಿಯ ಕೆಮ್ಮಿನ ಪ್ರಸ್ತಾಪವೇಕೆಂದು ತಮ್ಮಲ್ಲಿ ಕೆಲವರು ನಗಬಹುದು. ಆದರೆ ಮನೆಯ ಹಿಂದೆ ಎರಡೇ ಹಂದಿಗಳನ್ನು ಸಾಕಿ, ಅವುಗಳ ಬೆಲೆಯಿಂದ ಸಾಲ ತೀರಿಸಬೇಕೆಂದಿರುವ ಬಡವನಿಗೆ ಇದು ನಗೆಯ ಮಾತಲ್ಲ.

ಬೆಳಗ್ಗೆ ಎಬ್ಬಿಸಿದೊಡನೆ, ಇಲ್ಲವೆ ಸ್ವಲ್ಪ ಓಡಿದೊಡನೆ ಹಂದಿಯು ಒಣಕೆಮ್ಮು ಕೆಮ್ಮುತ್ತದೆ. ಮೇವನ್ನೇನೋ ತಿನ್ನುತ್ತದೆ, ಮೈ ಮಾತ್ರ ಹತ್ತುವುದಿಲ್ಲ. ಇದಕ್ಕೆ ಬಹು ಸಾಮಾನ್ಯವಾದ ಕಾರಣ ಮೈಕೋಪ್ಲಾಸ್ಮವೆಂಬ ಅತಿ ಸಣ್ಣ ಜೀವಾಣು. ವೈರಸ್ಸೇ ಕಾರಣವೆಂದು ವಿದ್ವಾಂಸರು ಮೊದಲು ನಂಬಿದ್ದರು. 1965ರಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಬೇರೆ ಬೇರೆಯಾಗಿ ನಡೆದ ಸಂಶೋಧನೆಗಳಿಂದ ನಿಜಸ್ಥಿತಿ ತಿಳಿದುಬಂದಿತು. ಶ್ವಾಸನಾಳದ ಒಳಮೈಯಲ್ಲಿರುವ ಸೂಕ್ಷ್ಮರೋಮಗಳು ಪೊರಕೆಯಂತೆ ಧೂಳನ್ನೂ ಕಫವನ್ನೂ ಹೊರಕ್ಕೆ ಗುಡಿಸುತ್ತಿರುತ್ತವೆ. ಈ ಜೀವಾಣು ಅವುಗಳಿಗೆ ಅಂಟಿಕೊಂಡು ಅವುಗಳನ್ನು ಹಾಳುಮಾಡುತ್ತದೆ. ಆಮೇಲೆ ಕಾವಲಿಲ್ಲದ ಮನೆಗೆ ಕಳ್ಳರು ನುಗ್ಗುವಂತೆ ಇತರ ರೋಗಾಣುಗಳು ಶ್ವಾಸಕೋಶವನ್ನು ಹೊಗುತ್ತವೆ.

ಕೆಮ್ಮು ಕೇಳಿದೊಡನೆ ಪೆನಿಸಿಲಿನ್ ಚುಚ್ಚಿಸುವವರುಂಟು. ಆ ಔಷಧಿಯು ಜೀವಾಣುವಿನ ಹೊರಗೋಡೆ ಕಟ್ಟಲಾಗದಂತೆ ಮಾಡಿ ಅದನ್ನು ಕೊಲ್ಲತಕ್ಕದ್ದು. ಮೈಕೋಪ್ಲಾಸ್ಮಕ್ಕಾದರೋ ಗೋಡೆಯೇ ಇಲ್ಲ! ಹಣ ಹೋಯಿತು, ಕೆಮ್ಮು ಉಳಿಯಿತು. ಟೆಟ್ರಸೈಕ್ಲಿನ್ ಮೊದಲಾದವು ಫಲಕಾರಿಯಾದರೂ ಪಶುವೈದ್ಯರ ಮಾತಿನಂತೆಯೇ ಕೊಡಬೇಕು. ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಹಂದಿಯನ್ನು ಮಾಂಸಕ್ಕೆ ಮಾರಕೂಡದು. ಇಲ್ಲವಾದರೆ ಔಷಧಿಯ ಶೇಷವು ತಿನ್ನುವವರ ತಟ್ಟೆಗೆ ಬರುತ್ತದೆ. ಮರಿಗಳಲ್ಲಿ ಜಂತುಹುಳುವಿನ ಮರಿಹುಳುಗಳು ಶ್ವಾಸಕೋಶದ ಮೂಲಕ ಹಾದುಹೋಗುವಾಗಲೂ ಕೆಮ್ಮು ಬರುತ್ತದೆ. ಅದಕ್ಕೆ ಬೇಕಾದದ್ದು ಜಂತಿನ ಔಷಧಿ.

ಆದರೆ ಔಷಧಿಗಿಂತ ಮೊದಲು ನೋಡಬೇಕಾದದ್ದು ಗಾಳಿ. ಮಳೆಗಾಲದಲ್ಲಿ ಚಳಿಯಾದೀತೆಂಬ ಕರುಣೆಯಿಂದ ಗೂಡಿನ ನಾಲ್ಕು ಕಡೆಯನ್ನೂ ಗೋಣಿತಟ್ಟಿನಿಂದ ಮುಚ್ಚುವುದುಂಟು. ಆಗ ಗಂಜಲದಿಂದೇಳುವ ಅಮೋನಿಯ ಒಳಗೇ ನಿಲ್ಲುತ್ತದೆ. ನಿಂತ ಮನುಷ್ಯನಿಗೆ ಅದು ತಿಳಿಯಲಾರದು. ಹಂದಿಯ ಮೂಗಿನ ಎತ್ತರಕ್ಕೆ ಕುಕ್ಕರಿಸಿ ಕುಳಿತು ನೋಡಿ: ಕಣ್ಣು ಉರಿದರೆ ಆ ಗೂಡು ಕೆಟ್ಟದ್ದು. ಮಲಗುವ ಎತ್ತರದಲ್ಲಿ ಗಾಳಿಗೆ ಮರೆಯಿರಲಿ, ಮಾಡಿನ ಕೆಳಗೆ ತೆರವಿರಲಿ, ಒಣಹುಲ್ಲಿನ ಹಾಸಿಗೆಯಿರಲಿ. ಹೊಸದಾಗಿ ಕೊಂಡ ಮರಿಯನ್ನು ನಾಲ್ಕು ವಾರ ಬೇರೆಯೇ ಕಟ್ಟಬೇಕು. ರೋಗವು ಅನೇಕವೇಳೆ ಸಂತೆಯಿಂದಲೇ ಮನೆಗೆ ಬರುತ್ತದೆ.

ತೀವ್ರಜ್ವರ ಬಂದು, ಕಿವಿ ನೀಲಿಗಟ್ಟಿ, ಹಂದಿಗಳು ಒಂದರ ಹಿಂದೊಂದು ಬಿದ್ದರೆ ಅದು ಬರಿಯ ಕೆಮ್ಮಲ್ಲ. ಹಂದಿಜ್ವರವಿರಬಹುದು, ಅಥವಾ 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ, ಮದ್ದಿಲ್ಲದ ಆಫ್ರಿಕನ್ ಹಂದಿಜ್ವರವಿರಬಹುದು. ಆಗ ಮಾರದೆ, ಕಡಿಯದೆ, ಸರ್ಕಾರಿ ಪಶುವೈದ್ಯರಿಗೆ ತಿಳಿಸತಕ್ಕದ್ದು.

ಕೊನೆಯದಾಗಿ ಒಂದು ಮಾತು. ಹಂದಿಗಳ ಇನ್‌ಫ್ಲುಯೆಂಜಾ ವೈರಸ್ಸಿನಿಂದ ಬರುತ್ತದೆಂದು 1931ರಲ್ಲಿ ಅಮೆರಿಕದ ರಿಚರ್ಡ್ ಶೋಪ್ ತೋರಿಸಿದರು. 2009ರಲ್ಲಿ ಲೋಕವನ್ನೆಲ್ಲ ಸುತ್ತಿದ ಜ್ವರದ ವೈರಸ್ಸೂ ಹಂದಿಗಳ ವೈರಸ್ಸುಗಳಿಂದಲೇ ಹುಟ್ಟಿತು. ನಮ್ಮ ಜ್ವರವೂ ಅವುಗಳಿಗೆ ತಗಲುತ್ತದೆ. ಆದ್ದರಿಂದ ನೆಗಡಿಜ್ವರವಿರುವವನು ಗೂಡಿನೊಳಕ್ಕೆ ಹೋಗದಿರುವುದು ಒಳ್ಳೆಯದು. ಹಿತ್ತಲಿನ ಗೂಡಿನ ಗಾಳಿಗೂ ನಮ್ಮ ಪಟ್ಟಣದ ಗಾಳಿಗೂ ನಡುವೆ ಇರುವ ಗೋಡೆ ನಾವು ತಿಳಿದಷ್ಟು ದಪ್ಪವಾದದ್ದಲ್ಲ.